ತಲೆ, ಕರುಳು ಸಮೇತ ಮೀನಿನ ಪೇಸ್ಟ್: ನನ್ನ ಅನುಭವ

ಸಣ್ಣ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಪೇಸ್ಟ್ ಮಾಡುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: ಕರುಳು ತೆಗೆಯಲ್ವಾ? ತೆಗೆದರೆ ಕೆಲಸ ಮಾಡುವವರು ಯಾರು! ಮೀನು ತಿಂದದ್ದನ್ನು ಅರಗಿಸುತ್ತಿದ್ದ ಕಿಣ್ವಗಳೇ ಆಮೇಲೆ ಅದರ ಮಾಂಸವನ್ನೂ ಕರಗಿಸುತ್ತವೆ. ಗ್ಲುಟಮೇಟ್ ಎಂಬ ರುಚಿಯ ಅಂಶ ಬಿಟ್ಟುಕೊಂಡು ಆ ಗಾಢ ರುಚಿ ಬರುವುದು ಆಗಲೇ. ಇಷ್ಟೊಂದು ಉಪ್ಪಿಗೆ ಕೊಳೆಸುವ ಬ್ಯಾಕ್ಟೀರಿಯಾ ಸೋಲುತ್ತವೆ, ಕಿಣ್ವಗಳು ನಿಧಾನವಾಗಿಯಾದರೂ ಕೆಲಸ ಮುಂದುವರಿಸುತ್ತವೆ.

ನಾನು ಬಳಸುವುದು ಬೆರಳುದ್ದದ ಬೊಳಂಜಿರ್ ಮೀನು. ಹೊಟ್ಟೆ ಒಡೆದಿರಬಾರದು, ಹಿಡಿದಾಗಿನಿಂದ ಐಸ್‌ನಲ್ಲೇ ಇರಬೇಕು. ಬೆಚ್ಚಗೆ ಬಿದ್ದಿದ್ದ ಮೀನಿನಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಸೇರಿಕೊಳ್ಳುತ್ತದೆ. ಒಮ್ಮೆ ಸೇರಿತೆಂದರೆ ಎಷ್ಟು ಉಪ್ಪು ಹಾಕಿದರೂ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅನುಮಾನ ಬಂದರೆ ಆ ಮೀನೇ ಬೇಡ.

3 ಕಿಲೋ ಮೀನಿಗೆ 1 ಕಿಲೋ ಉಪ್ಪು. ತೂಕ ಮಾಡಿಯೇ ಹಾಕಬೇಕು, ಕಣ್ಣಳತೆ ಇಲ್ಲಿ ನಡೆಯಲ್ಲ. ಜಾಸ್ತಿ ಆಯ್ತಲ್ವಾ ಅಂತ ಕಡಿಮೆ ಮಾಡಲು ಹೋಗಬೇಡಿ. ಬಾಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾಗೆ ಗಾಳಿಯಾಡದ ಜಾಗವೇ ಬೇಕಾದ್ದು. ಭರಣಿಯೊಳಗೆ ಅದನ್ನು ತಡೆಯುವುದು ಈ ಉಪ್ಪೇ.

ಮೀನು, ಉಪ್ಪು ಚೆನ್ನಾಗಿ ಕಲಸಿ ಗಾಜಿನ ಅಥವಾ ಪಿಂಗಾಣಿ ಭರಣಿಗೆ ಒತ್ತಿ ತುಂಬುತ್ತೇನೆ. ಲೋಹದ ಪಾತ್ರೆ ತುಕ್ಕು ಹಿಡಿಯುತ್ತದೆ. ಮೇಲೊಂದು ಪದರ ಉಪ್ಪು, ಅದರ ಮೇಲೆ ಭಾರ. ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕುತ್ತೇನೆ. ನೊಣ ಒಂದು ಹೊಕ್ಕರೂ ಎಲ್ಲ ಹಾಳು. ಬೇಗನೆ ಮೀನೇ ನೀರು ಬಿಡುತ್ತದೆ. ಮೀನು ಆ ನೀರಿನೊಳಗೇ ಮುಳುಗಿರಬೇಕು.

ಆಮೇಲೆ ಕಾಯುವ ಕೆಲಸ. ಬೆಚ್ಚಗಿನ ಜಾಗದಲ್ಲಿ ಬೇಗ ಆಗುತ್ತದೆ, ಆದರೂ 6 ತಿಂಗಳಿಗಿಂತ ಮೊದಲು ನಾನು ಮುಟ್ಟುವುದಿಲ್ಲ. ಮೀನಿನ ಕಣ್ಣು ಮೊದಲು ಬಿಳಿಯಾಗುತ್ತದೆ. ಮೈ ಮಾತ್ರ ಬಹಳ ದಿನ ಹಾಗೇ ಇರುತ್ತದೆ, ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಒಂದು ದಿನ ಮರದ ಸೌಟಿನಲ್ಲಿ ಕದಡಿದರೆ ಮಾಂಸ ಜಾರಿ, ಬೆನ್ನುಮೂಳೆ ಬರಿದಾಗಿ ಬರುತ್ತದೆ. ಬೂದು ಬಣ್ಣ ಹೋಗಿ ಕೆಂಗಂದು ಬಂದಿರುತ್ತದೆ. ಹಸಿ ಮೀನಿನ ವಾಸನೆ ಹೋಗಿ ಹಳೇ ಚೀಸ್‌ನಂಥ ಘಮ. ಮೂಗಿಗೆ ಹೊಡೆಯುವ ಕೊಳೆತ ನಾತ ಬಂದರೆ ಮಾತ್ರ ಯೋಚನೆ ಮಾಡದೆ ಎಸೆಯಿರಿ. ರುಚಿ ನೋಡಿ ತೀರ್ಮಾನಿಸುವುದು ಬೇಡ.

ಮೇಲಿನ ತಿಳಿ ಸೋಸಿದರೆ ಅದೇ ಫಿಶ್ ಸಾಸ್. ರೋಮನ್ನರು ಆ ತಿಳಿಯನ್ನು ಗಾರಂ ಅಂತಲೂ ಅಡಿಯಲ್ಲಿ ಉಳಿದದ್ದನ್ನು ಅಲ್ಲೆಕ್ ಅಂತಲೂ ಕರೆಯುತ್ತಿದ್ದರು. ನನಗೆ ಬೇಕಾದ್ದು ಆ ಅಡಿಯದ್ದು. ಅದನ್ನು ರುಬ್ಬಿ, ಮುಳ್ಳು ಉಳಿಯುವಂತೆ ಜರಡಿಯಲ್ಲಿ ಒತ್ತಿ ತೆಗೆಯುತ್ತೇನೆ. ಅಡುಗೆಗೆ ಅರ್ಧ ಚಮಚ ಸಾಕು, ಬಿಸಿ ಎಣ್ಣೆಯಲ್ಲಿ ಮೊದಲೇ ಬಾಡಿಸಿದರೆ ಒಳ್ಳೆಯದು. ಬೇರೆ ಉಪ್ಪು ಕೊನೆಗೆ, ರುಚಿ ನೋಡಿಕೊಂಡು.