ಕಿಟ್ ಹಾಕಿದರೂ ಬಕೆಟ್ ಇಳಿಯುತ್ತಿದ್ದರೆ: ಹಳೆಯ ಲೋಡರ್ ಕಂಟ್ರೋಲ್ ವಾಲ್ವ್ ಬಿಚ್ಚಿ ಕಟ್ಟಿದ ಅನುಭವ

ಹಳೆಯ ಲೋಡರ್‌ನ ಕಂಟ್ರೋಲ್ ವಾಲ್ವಿನಲ್ಲಿ, ಅಂದರೆ ಲಿವರ್ ಆಡಿಸಿದಂತೆ ಎಣ್ಣೆಯನ್ನು ಸಿಲಿಂಡರ್‌ಗಳಿಗೆ ಹಂಚುವ ಬ್ಲಾಕಿನಲ್ಲಿ, ಎರಡು ಥರದ ಸೋರಿಕೆ ಇರುತ್ತದೆ. ಒಂದು ಕಣ್ಣಿಗೆ ಕಾಣುತ್ತದೆ, ಲಿವರ್ ಬುಡದಲ್ಲಿ ತೊಟ್ಟಿಕ್ಕುತ್ತದೆ. ಇನ್ನೊಂದು ಒಳಗೊಳಗೇ ನಡೆಯುತ್ತದೆ. ಒಂದು ಹನಿಯೂ ಹೊರಗೆ ಬೀಳುವುದಿಲ್ಲ, ಆದರೆ ಎತ್ತಿ ನಿಲ್ಲಿಸಿದ ಬಕೆಟ್ ಮೆಲ್ಲಗೆ ಕೆಳಗಿಳಿಯುತ್ತದೆ. ಸೀಲ್ ಕಿಟ್ (ರಬ್ಬರ್ ರಿಂಗ್‌ಗಳ ಸೆಟ್) ಹಾಕಿದರೆ ಹೊರಗಿನ ಸೋರಿಕೆ ನಿಲ್ಲುತ್ತದೆ. ಒಳಗಿನದಕ್ಕೆ ರಬ್ಬರ್ ಏನೂ ಮಾಡಲಾರದು, ಅಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಡೆ. ಇದು ಗೊತ್ತಿಲ್ಲದೆ ಜನ ಮೊದಲು ಕಿಟ್‌ಗೆ ದುಡ್ಡು ಹಾಕಿ, ಆಮೇಲೆ ಹೊಸ ವಾಲ್ವಿಗೂ ಹಾಕುವುದನ್ನು ನೋಡಿ ಬೇಜಾರಾಗಿದೆ.

ಮಂಡ್ಯದ ನಮ್ಮ ಗ್ಯಾರೇಜಿಗೆ ಬಂದ ಈ ಗಾಡಿ ಪಾಂಡವಪುರ ಕಡೆಯದು. ಗೊಬ್ಬರ, ಮಣ್ಣು ತುಂಬುವುದು, ನಾಲೆಗೆ ನೀರು ನಿಲ್ಲಿಸಿದಾಗ ಹೂಳು ಎತ್ತುವುದು ಅದರ ಕೆಲಸ. ದೂರು ಮೂರಿತ್ತು. ಲಿವರ್ ಹತ್ತಿರ ಎಣ್ಣೆ ಸೋರುತ್ತಿತ್ತು. ಎತ್ತಿದ ಬಕೆಟ್ ನಿಲ್ಲುತ್ತಿರಲಿಲ್ಲ. ಅರ್ಧಕ್ಕೆ ನಿಂತ ಬೂಮನ್ನು, ಅಂದರೆ ಬಕೆಟ್ ಹೊತ್ತ ತೋಳನ್ನು, ಮತ್ತೆ ಎತ್ತಲು ಲಿವರ್ ಎಳೆದರೆ ಮೊದಲು ಚೂರು ಕುಸಿದು ಆಮೇಲೆ ಏಳುತ್ತಿತ್ತು.

"ಒಂದು ಕಿಟ್ ಹಾಕ್ಬುಡಣ್ಣ, ಸರಿಹೋಯ್ತದೆ" ಎಂದರು ಮಾಲೀಕರು.

"ಇರಣ್ಣ, ಎಣ್ಣೆ ಎಲ್ಲಿಗೆ ಹೋಯ್ತಾ ಅದೆ ಅಂತ ಮೊದ್ಲು ನೋಡವ" ಎಂದೆ.

ಬೂಮ್ ಇಳಿದರೆ ಎಲ್ಲರೂ ಸಿಲಿಂಡರ್‌ನ ಪಿಸ್ಟನ್ ಸೀಲ್ ಹೋಗಿದೆ ಎನ್ನುತ್ತಾರೆ. ಆದರೆ ಬೂಮ್ ಇಳಿಯಲು ರಾಡ್ ಸಿಲಿಂಡರ್ ಒಳಗೆ ಹೋಗಬೇಕು ಅಲ್ವಾ? ರಾಡ್ ಒಳಗೆ ಹೋದಷ್ಟು ಜಾಗದ ಎಣ್ಣೆ ಹೊರಗೆ ಹೋಗಲೇಬೇಕು. ಎರಡೂ ಕಡೆಯ ದಾರಿಯನ್ನು ವಾಲ್ವ್ ಗಟ್ಟಿಯಾಗಿ ಮುಚ್ಚಿದ್ದರೆ, ಪಿಸ್ಟನ್ ಸೀಲ್ ಹಾಳಾಗಿದ್ದರೂ ಆ ಎಣ್ಣೆಗೆ ಹೋಗಲು ಜಾಗವಿಲ್ಲ. ಹೋಸ್, ರಾಡ್ ಸೀಲ್ ಎಲ್ಲೂ ಒದ್ದೆಯಾಗದೆ ಬೂಮ್ ಇಳಿಯುತ್ತಿದ್ದರೆ ಎಣ್ಣೆ ವಾಲ್ವ್ ಮೂಲಕವೇ ಟ್ಯಾಂಕಿಗೆ ಹೋಗುತ್ತಿದೆ ಎಂದು ಅರ್ಥ.

ಆದರೂ ಸಿಲಿಂಡರ್ ಪರೀಕ್ಷೆ ಮಾಡಿದೆ. ಗಾಡಿಯನ್ನು ಗುಂಡಿಯ ಅಂಚಿಗೆ ನಿಲ್ಲಿಸಿ, ರಾಡ್ ಪೂರ್ತಿ ಒಳಗೆ ಹೋಗಿ ನಿಲ್ಲುವವರೆಗೆ ಬೂಮ್ ಇಳಿಸಿದೆ. ಇಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಪ್ರೆಶರ್ ಬಿಟ್ಟು, ಬುಡದ ಕಡೆಯ ಹೋಸ್ ಕಳಚಿ ಅದರ ಬಾಯಿಗೆ ಪ್ಲಗ್ ಹಾಕಿದೆ. ಮತ್ತೆ ಸ್ಟಾರ್ಟ್ ಮಾಡಿ ಇಳಿಸುವ ಕಡೆಗೆ ಲಿವರ್ ತಳ್ಳಿಸಿದಾಗ ಸಿಲಿಂಡರ್ ಬಾಯಿಂದ ಎಣ್ಣೆ ಹರಿಯಲಿಲ್ಲ. ಇನ್ನೊಂದು ಬದಿಯದೂ ಹಾಗೇ. ಪಿಸ್ಟನ್ ಸೀಲ್ ಚೆನ್ನಾಗಿತ್ತು. ಗೇಜ್ ಹಾಕಿ ನೋಡಿದಾಗ ಪ್ರೆಶರ್ ಕೂಡ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಇತ್ತು. ಹಾಗಾಗಿ ಪ್ರೆಶರ್ ಮಿತಿ ಮೀರದಂತೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ಮೇನ್ ರಿಲೀಫ್ ವಾಲ್ವನ್ನು ಮುಟ್ಟಲಿಲ್ಲ. ಗೇಜ್ ಇಲ್ಲದೆ ಅದರ ಸ್ಕ್ರೂ ತಿರುಗಿಸುವವರನ್ನು ಕಂಡರೆ ನನಗೆ ಭಯ. ಹೋಸ್ ಸಿಡಿಯುತ್ತದೆ, ಪಂಪ್ ಹೋಗುತ್ತದೆ.

ಬಿಚ್ಚುವ ಮೊದಲು ಬ್ಲಾಕನ್ನು ಹೊರಗಿನಿಂದ ಚೆನ್ನಾಗಿ ತೊಳೆದೆ. ಹೋಸ್‌ಗಳಿಗೆ ಗುರುತು ಕಟ್ಟಿ ಫೋಟೋ ತೆಗೆದುಕೊಂಡೆ, ಎಲ್ಲಾ ಬಾಯಿಗೂ ಪ್ಲಗ್ ಹಾಕಿದೆ. ಲಿವರ್ ಆಡಿಸಿದಾಗ ಬ್ಲಾಕಿನ ತೂತಿನಲ್ಲಿ ಜಾರಿ ಎಣ್ಣೆಯ ದಾರಿ ತೆರೆದು ಮುಚ್ಚುವ ಕಂಬಿಗೆ ಸ್ಪೂಲ್ ಎನ್ನುತ್ತಾರೆ. ಸ್ಪೂಲ್‌ಗಳಿಗೂ ಅವು ಕೂರುವ ತೂತಿಗೂ ಒಂದೇ ನಂಬರ್ ಕೊಟ್ಟೆ. ಒಂದರ ಸ್ಪೂಲ್ ಇನ್ನೊಂದರಲ್ಲಿ ಸುಮ್ನೆ ಕೂಡ ತೂರಿಸಬಾರದು. ಜೋಡಿ ನೋಡಿ ಕೂರಿಸಿರುತ್ತಾರೆ, ಸಂದು ಬರೀ ಕೆಲವು ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ 1000ದಲ್ಲಿ ಒಂದು ಪಾಲು.

ಮೂರು ದೂರಿಗೂ ಕಾರಣ ಬೇರೆ ಬೇರೆ ಜಾಗದಲ್ಲಿ ಸಿಕ್ಕಿತು. ಸ್ಪೂಲ್ ತುದಿಯ ಓ-ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿತ್ತು, ಲಿವರ್ ಹತ್ತಿರದ ಎಣ್ಣೆ ಅದರದು. ಎತ್ತುವಾಗ ಕುಸಿಯುತ್ತಿದ್ದದ್ದು ಲೋಡ್ ಚೆಕ್ ವಾಲ್ವಿನಿಂದ. ಪಂಪಿನ ಪ್ರೆಶರ್ ಭಾರಕ್ಕೆ ಸಮ ಆಗುವವರೆಗೆ ಎಣ್ಣೆ ಹಿಂದಕ್ಕೆ ಓಡದಂತೆ ತಡೆಯುವುದೇ ಅದರ ಕೆಲಸ. ಅದರ ಮೂತಿಯಲ್ಲಿ ಉಂಗುರದ ಹಾಗೆ ಗೀರು ಬಿದ್ದಿತ್ತು. ಬೇರೆ ತಂದು, ಅದು ಕೂರುವ ಸೀಟನ್ನು ನುಣುಪು ಪೇಸ್ಟ್‌ನಲ್ಲಿ ಹಗುರವಾಗಿ ಉಜ್ಜಿ, ಪೇಸ್ಟಿನ ಗುರುತೂ ಉಳಿಯದಂತೆ ತೊಳೆದೆ.

ಬಕೆಟ್ ಇಳಿಯುತ್ತಿದ್ದ ಕಾರಣ ನೋಡಿ ಮಾಲೀಕರಿಗೆ ನಂಬಲಾಗಲಿಲ್ಲ. ಬೂಮ್ ಎತ್ತುವ ದಾರಿಯಲ್ಲಿ ಪ್ರೆಶರ್ ಮಿತಿ ಮೀರಿದರೆ ಎಣ್ಣೆ ಬಿಡುವ ಪೋರ್ಟ್ ರಿಲೀಫ್ ವಾಲ್ವಿನಲ್ಲಿ ಕಪ್ಪು ರಬ್ಬರ್ ಚೂರು ಸಿಕ್ಕಿಕೊಂಡಿತ್ತು. ಹಳೆಯ ಹೋಸ್‌ನ ಒಳಪದರ ಕಿತ್ತು ಬಂದದ್ದು. ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ, ಎಣ್ಣೆ ಅಲ್ಲಿಂದ ಟ್ಯಾಂಕಿಗೆ ನುಸುಳುತ್ತಿತ್ತು. ಆ ಹೋಸ್ ಬದಲಿಸದೆ ವಾಲ್ವ್ ತೊಳೆದಿದ್ದರೆ ಇನ್ನೊಂದು ಚೂರು ಬಂದು ಕೂರುತ್ತಿತ್ತು.

ಬೂಮ್ ಸ್ಪೂಲ್ ಮೇಲೆ ಉದ್ದುದ್ದ ಸಣ್ಣ ಗೆರೆಗಳಿದ್ದವು, ಉಗುರಿಗೆ ತಡೆಯುವಷ್ಟಲ್ಲ. ಜೊತೆಯ ಹುಡುಗ ಎಮರಿ ಪೇಪರ್ ತಂದ. ಬೇಡಪ್ಪ ಎಂದೆ. ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಸಂದು ಜಾಸ್ತಿ ಆಗುತ್ತದೆ, ಚೂಪಾಗಿರಬೇಕಾದ ಅಂಚು ಮೊಂಡಾಗುತ್ತದೆ. ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದೆ. ಬನಿಯನ್ ವೇಸ್ಟ್‌ನಲ್ಲಿ ಒರೆಸಲಿಲ್ಲ, ಅದರ ನೂಲೇ ಸಾಕು ಸ್ಪೂಲ್ ಕಚ್ಚಿಕೊಳ್ಳಲು.

ಓ-ರಿಂಗ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಬೇಡಿ. ಅದು ಉಬ್ಬಿಯೋ ಚಪ್ಪಟೆಯಾಗಿಯೋ ಇರುತ್ತದೆ. ಓ-ರಿಂಗ್ ಕೂರುವ ಕಚ್ಚನ್ನು (ಗ್ರೂವ್) ವರ್ನಿಯರ್‌ನಲ್ಲಿ ಅಳೆಯಿರಿ. ಹಳೆಯ ಯಂತ್ರಗಳಲ್ಲಿ ಇಂಚಿನ ಅಳತೆ ಇರುವುದುಂಟು, ಅದರ ಜಾಗಕ್ಕೆ ಮಿಲಿಮೀಟರ್ ಅಳತೆಯದು ಕೂತ ಹಾಗೆ ಕಂಡರೂ ಪ್ರೆಶರ್ ಬಂದಾಗ ಸೋರುತ್ತದೆ.

ಇದು ಹೋಳು ಹೋಳಾಗಿ ಜೋಡಿಸಿ ಉದ್ದ ಬೋಲ್ಟ್‌ಗಳಲ್ಲಿ ಬಿಗಿಯುವ ಬ್ಲಾಕ್. ಇಲ್ಲಿ ತೋಳಿನ ಬಲ ತೋರಿಸಬಾರದು. ಒಂದೇ ಕಡೆ ಜಾಸ್ತಿ ಬಿಗಿದರೆ ಬ್ಲಾಕ್ ಚೂರು ಸೊಟ್ಟಗಾಗಿ ಸ್ಪೂಲ್ ಹಿಡಿಯುತ್ತದೆ. ಟಾರ್ಕ್ ರೆಂಚಿನಲ್ಲಿ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಎಣ್ಣೆ ಸವರಿದ ಸ್ಪೂಲ್ ಕೈಯಲ್ಲಿ ಸರಾಗವಾಗಿ ಜಾರುತ್ತದೆಯೇ ಎಂದು ಪ್ರತಿ ಸುತ್ತಿಗೂ ನೋಡಿದೆ.

ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, 68 ಗ್ರೇಡ್ (ಎಣ್ಣೆಯ ಮಂದದ ಅಳತೆ) ಹೈಡ್ರಾಲಿಕ್ ಎಣ್ಣೆ ತುಂಬಿದೆವು. ಇಂಜಿನ್ ಸ್ಲೋದಲ್ಲಿಟ್ಟು ಎಲ್ಲಾ ಲಿವರ್‌ಗಳನ್ನು ಕೊನೆಯವರೆಗೂ ನಿಧಾನಕ್ಕೆ ಆಡಿಸಿ ಗಾಳಿ ಬಿಟ್ಟೆವು. ಸೋರಿಕೆಯನ್ನು ಕೈಯಿಂದ ತಡವಿ ನೋಡಬೇಡಿ, ರಟ್ಟಿನ ಚೂರು ಹಿಡಿದು ನೋಡಿ. ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೋದರೆ ಕೈಯೇ ಹೋಗಬಹುದು.

ಕುಸಿಯುವುದು ನಿಂತಿತು, ಹೊರಗಿನ ಸೋರಿಕೆಯೂ ನಿಂತಿತು. ಎತ್ತಿ ಬಿಟ್ಟ ಬಕೆಟ್ ಮಾತ್ರ ಬಹಳ ಹೊತ್ತಿಗೆ ಒಂದು ಬೆರಳಷ್ಟು ಇಳಿಯುತ್ತದೆ. "ಇದು ಪೂರ್ತಿ ನಿಲ್ಲಾಕಿಲ್ವಾ?" ಎಂದು ಮಾಲೀಕರು ಕೇಳಿದರು. ಸ್ಪೂಲ್ ಜಾರಬೇಕಾದರೆ ಸಂದು ಬೇಕು, ಸಂದು ಇದ್ದರೆ ಒಂದಿಷ್ಟು ಎಣ್ಣೆ ನುಸುಳುತ್ತದೆ. ಹೊಸ ವಾಲ್ವಿನಲ್ಲೂ ಅಷ್ಟಿಷ್ಟು ಇರುತ್ತದೆ. ತೂತನ್ನು ಹೋನ್ ಮಾಡಿಸಿ (ಒಳಗೆ ಸಮನಾಗಿ ಉಜ್ಜಿಸಿ), ಸ್ಪೂಲ್‌ಗೆ ಹಾರ್ಡ್ ಕ್ರೋಮ್ ಹಾಕಿಸಿ, ಅಳತೆಗೆ ಗ್ರೈಂಡ್ ಮಾಡಿಸಬಹುದು. ಗೊಬ್ಬರ, ಮಣ್ಣು ತುಂಬುವ ಗಾಡಿಗೆ ಆ ಖರ್ಚು ಬೇಡ ಎಂದು ನಾನೇ ಹೇಳಿದೆ. ಅದರ ಬದಲು, ಕಳೆದುಹೋಗಿದ್ದ ಬೂಮ್ ಲಾಕ್ ಮಾಡಿಸಿಕೊಳ್ಳಿ ಎಂದೆ. ಎತ್ತಿದ ಬೂಮ್ ಕೆಳಗೆ ಕೆಲಸವಿದ್ದಾಗ ರಾಡಿಗೆ ತೊಡಿಸುವ ದಪ್ಪ ಕಬ್ಬಿಣದ ಚಾನಲ್ ಅದು. ಒಪ್ಪಿದರು. ಅದನ್ನು ತೊಡಿಸಿ ನೋಡಿದ ಮೇಲೇ ಗಾಡಿ ಕಳಿಸಿದೆ.