ಸುಂಕ ಸೊನ್ನೆ, ಆದರೂ ಮೂಗಿಗಿಂತ ಮೂಗುತಿ ಭಾರ

"ಸುಂಕವೇ ಇಲ್ಲ ಅಂತ ಪೇಪರಿನಲ್ಲಿ ಬಂದಿದೆ. ಮತ್ತೆ ನೀವ್ಯಾಕೆ ಬೆಲೆ ಏರಿಸಿದ್ರಿ?"

2021ರ ಜನವರಿಯಿಂದ ಈ ಪ್ರಶ್ನೆ ಕೇಳಿದ ಗಿರಾಕಿಗಳಿಗೆ ಲೆಕ್ಕವಿಲ್ಲ. ಅವರು ಕೇಳಿದ್ದು ನ್ಯಾಯವೇ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿತು ನಿಜ. ಆದರೆ 2020ರ ಡಿಸೆಂಬರ್ 24ರಂದು ಎರಡೂ ಕಡೆಯವರು ಒಪ್ಪಿಕೊಂಡ ವ್ಯಾಪಾರ ಒಪ್ಪಂದದಲ್ಲಿ ಸುಂಕವೂ ಇಲ್ಲ, ಕೋಟಾವೂ ಇಲ್ಲ. ಹಾಗಿದ್ದೂ ನಮ್ಮ ಬಿಲ್ಲು ಏರುತ್ತಲೇ ಹೋಯಿತು. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಾಗೋಕೆ ಸುಮಾರು ಸಮಯ ಹಿಡಿಯಿತು.

ಇಂಗ್ಲೆಂಡಿನ ಕೆಂಟ್‌ನಲ್ಲಿ ನಮ್ಮದೊಂದು ಸಣ್ಣ ಸಗಟು ವ್ಯಾಪಾರ. ಫ್ರಾನ್ಸ್, ಇಟಲಿ, ಸ್ಪೇನ್‌ನಿಂದ ಚೀಸ್, ಬೆಣ್ಣೆ, ಸಲಾಮಿ ಅನ್ನುವ ಒಣ ಮಾಂಸ, ಆಲಿವ್ ಎಣ್ಣೆ ತರಿಸಿ ಕೆಫೆಗಳಿಗೆ, ರೆಸ್ಟೋರೆಂಟ್‌ಗಳಿಗೆ ಕೊಡುತ್ತೇವೆ. ಗೋದಾಮಿನ ಮುಂದೆ ಚಿಲ್ಲರೆ ವ್ಯಾಪಾರಕ್ಕೆ ಒಂದು ಕೌಂಟರ್ ಇದೆ. ಖರೀದಿ ಮಾಡೋದು, ಬೆಲೆ ಕಟ್ಟೋದು ನನ್ನ ಕೆಲಸ.

ಮೊದಲ ಪೆಟ್ಟು ಬಿದ್ದಿದ್ದು ಒಕ್ಕೂಟ ಬಿಡುವುದಕ್ಕೆ ಎಷ್ಟೋ ಮುಂಚೆ. ಒಕ್ಕೂಟ ಬಿಡಬೇಕಾ ಅಂತ 2016ರ ಜೂನ್ 23ರಂದು ಜನಮತಗಣನೆ ನಡೆದಾಗ ಒಂದು ಪೌಂಡಿಗೆ ಸುಮಾರು 1.30 ಯೂರೋ ಸಿಗುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಅದು 1.10ರ ಆಸುಪಾಸಿಗೆ ಇಳಿಯಿತು. ಕಿಲೋಗೆ 13 ಯೂರೋ ಇದ್ದ ಚೀಸು ಜೂನ್‌ನಲ್ಲಿ ನಮಗೆ 10 ಪೌಂಡಿಗೆ ಬೀಳುತ್ತಿತ್ತು. ಅದೇ ಚೀಸು ಅಕ್ಟೋಬರ್‌ನಲ್ಲಿ 11 ಪೌಂಡ್ 80 ಪೆನ್ಸ್. ಗಡಿಯಲ್ಲಿ ಒಂದು ನಿಯಮವೂ ಬದಲಾಗಿರಲಿಲ್ಲ. ಪೌಂಡು ಮತ್ತೆ ಏರುತ್ತದೆ ಅಂತ ನಂಬಿ ನಾನು ಮೂರು ತಿಂಗಳು ಹಳೇ ಬೆಲೆಗೇ ಮಾರಿದೆ. ಅದು ತಪ್ಪು ಲೆಕ್ಕ. ಪೌಂಡು ಹಳೇ ಮಟ್ಟಕ್ಕೆ ಮರಳಲೇ ಇಲ್ಲ, ಆ ಮೂರು ತಿಂಗಳ ನಷ್ಟ ತುಂಬಿಕೊಳ್ಳೋಕೆ ಒಂದು ವರ್ಷ ಬೇಕಾಯಿತು.

ಅವತ್ತಿನಿಂದ ಪ್ರತಿ ಸಾಮಾನಿಗೂ ಒಂದು ಹಾಳೆ ಇಟ್ಟೆ. ಕೊಂಡ ಬೆಲೆ ಯೂರೋದಲ್ಲಿ, ಆ ದಿನದ ವಿನಿಮಯ ದರ, ಲಾರಿ ಬಾಡಿಗೆ, ಗಡಿ ಖರ್ಚು. ನಾಲ್ಕೇ ಕಾಲಂ. ಮೊದಲ ನಾಲ್ಕು ವರ್ಷ ಕೊನೆಯ ಕಾಲಂ ಖಾಲಿಯೇ ಇತ್ತು.

ಬ್ರಿಟನ್ 2020ರ ಜನವರಿ 31ಕ್ಕೆ ಹೊರಬಂದರೂ ಡಿಸೆಂಬರ್ 31ರವರೆಗೆ ಹಳೇ ನಿಯಮಗಳೇ ನಡೆದವು. ಆ ಡಿಸೆಂಬರ್ 20ರ ರಾತ್ರಿ ಫ್ರಾನ್ಸ್ ಗಡಿ ಮುಚ್ಚಿತು. ನಮ್ಮ ಊರಿನ ರಸ್ತೆಗಳಲ್ಲಿ ಸಾವಿರಾರು ಲಾರಿಗಳು ಸಾಲುಗಟ್ಟಿ ನಿಂತವು. ಅದಕ್ಕೂ ಬ್ರೆಕ್ಸಿಟ್ಟೇ, ಅಂದರೆ ಒಕ್ಕೂಟ ಬಿಟ್ಟಿದ್ದೇ, ಕಾರಣ ಅಂತ ಈಗಲೂ ಹೇಳುವವರಿದ್ದಾರೆ. ಅಲ್ಲ, ಕಾರಣ ಕೋವಿಡ್‌ನ ಹೊಸ ತಳಿ. ಇದನ್ನು ಬಿಡಿಸಿ ನೋಡಲೇಬೇಕು. ಎಲ್ಲ ತೊಂದರೆಯನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ನಿಜವಾದ ತೊಂದರೆ ಎಲ್ಲಿದೆ ಅಂತ ಕಾಣೋದೇ ಇಲ್ಲ.

2021ರ ಮೊದಲ ದಿನದಿಂದಲೇ ಐರೋಪ್ಯ ಒಕ್ಕೂಟ ಬ್ರಿಟನ್ನಿನ ಸರಕಿನ ತಪಾಸಣೆ ಶುರು ಮಾಡಿತು. ಬ್ರಿಟನ್ ಮಾತ್ರ ಒಳಗೆ ಬರುವ ಆಹಾರದ ತಪಾಸಣೆಯನ್ನು ಐದು ಸಲ ಮುಂದೂಡಿತು. ಹಾಗಾಗಿ ತರಿಸುವ ನಮಗೆ ತೊಂದರೆ ಇರಬಾರದಿತ್ತು, ಅಲ್ವಾ? ಇತ್ತು. ಇಲ್ಲಿಂದ ಆಚೆ ಹೋಗುವ ಸರಕು ಕಡಿಮೆಯಾದಾಗ ಲಾರಿಗಳು ಖಾಲಿ ವಾಪಸ್ ಹೋಗುವುದು ಜಾಸ್ತಿಯಾಯಿತು. ಆ ಖಾಲಿ ಪ್ರಯಾಣದ ಬಾಡಿಗೆಯೂ ಬರುವ ಸರಕಿನ ಮೇಲೇ ಬಿತ್ತು. ಡ್ರೈವರ್‌ಗಳ ಕೊರತೆ ಬೇರೆ. 2022ರ ಜನವರಿಯಿಂದ ಕಸ್ಟಮ್ಸ್ ಘೋಷಣೆಯನ್ನು ತಿಂಗಳುಗಟ್ಟಲೆ ತಡವಾಗಿ ಸಲ್ಲಿಸುವ ಸೌಲಭ್ಯ ಹೋಯಿತು. ಅಲ್ಲಿಂದ ಪ್ರತಿ ಲೋಡಿಗೂ, ಆ ಘೋಷಣೆ ತುಂಬಿ ಸಲ್ಲಿಸುವ ಏಜೆಂಟರ ಬಿಲ್ಲು ಬರತೊಡಗಿತು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಸುಂಕ ಸೊನ್ನೆ ಅನ್ನುವುದು ಒಕ್ಕೂಟದೊಳಗೇ ತಯಾರಾದ ಸಾಮಾನಿಗೆ ಮಾತ್ರ. ಬೇರೆ ದೇಶದಿಂದ ನೆದರ್‌ಲೆಂಡ್ಸ್ ಗೋದಾಮಿಗೆ ಬಂದು, ಅಲ್ಲಿ ಬರೀ ಪ್ಯಾಕೆಟ್ ಬದಲಾಯಿಸಿಕೊಂಡು ನಮ್ಮ ಕಡೆ ಹೊರಟ ಸಾಮಾನಿಗೆ ಅದು ಅನ್ವಯಿಸದು. ಅಂಥ ಕೆಲವು ಸಾಮಾನು ನಮ್ಮ ಪಟ್ಟಿಯಲ್ಲಿದ್ದವು. ಅವನ್ನು ಕೈಬಿಟ್ಟೆ.

ನಿಜವಾದ ಭಾರ ಬಂದಿದ್ದು 2024ರಲ್ಲಿ. ಜನವರಿ 31ರಿಂದ, ರೋಗ ಹರಡುವ ಅಪಾಯದ ಲೆಕ್ಕದಲ್ಲಿ ಮಧ್ಯಮ ಪಟ್ಟಿಯಲ್ಲಿರುವ ಪ್ರಾಣಿಜನ್ಯ ಆಹಾರಕ್ಕೆ ಆರೋಗ್ಯ ಪ್ರಮಾಣಪತ್ರ ಕಡ್ಡಾಯವಾಯಿತು. ಕಳಿಸುವ ದೇಶದ ಅಧಿಕೃತ ಪಶುವೈದ್ಯರು ಸಹಿ ಹಾಕಬೇಕು. ವಾರಕ್ಕೆ ಎರಡು ಪೆಟ್ಟಿಗೆ ಚೀಸ್ ಕಳಿಸುವ ಫ್ರಾನ್ಸಿನ ಒಂದು ಕುಟುಂಬಕ್ಕೂ ಅದೇ ಸಹಿ, ಇಡೀ ಲಾರಿ ತುಂಬಿಸುವ ಕಾರ್ಖಾನೆಗೂ ಅದೇ ಸಹಿ. ಏಪ್ರಿಲ್ 30ರಿಂದ ಗಡಿಯಲ್ಲಿ ಸರಕು ಬಿಚ್ಚಿ ನೋಡುವ ತಪಾಸಣೆ ಶುರುವಾಯಿತು. ಅದರ ಜೊತೆಗೇ ಡೋವರ್ ಬಂದರು ಮತ್ತು ಫ್ರಾನ್ಸಿನಿಂದ ಸಮುದ್ರದ ಕೆಳಗೆ ಬರುವ ಸುರಂಗ ರೈಲಿನ ಮೂಲಕ ಬರುವ ಸರಕಿಗೆ ಒಂದು ಶುಲ್ಕ. ಕಡಿಮೆ ಅಪಾಯದ್ದಕ್ಕೆ 10 ಪೌಂಡ್, ಮಧ್ಯಮ ಮತ್ತು ಹೆಚ್ಚು ಅಪಾಯದ್ದಕ್ಕೆ 29. ಇದು ಒಂದೊಂದು ಬಗೆಯ ಸಾಮಾನಿಗೆ. ಸರಕಿಗಾಗಿ ಸಲ್ಲಿಸುವ ಒಂದು ದಾಖಲೆಗೆ ಹೆಚ್ಚೆಂದರೆ 145 ಪೌಂಡ್. ನಮ್ಮ ಪೆಟ್ಟಿಗೆ ಬಿಚ್ಚಿ ನೋಡಲಿ ಬಿಡಲಿ, ಕಟ್ಟಲೇಬೇಕು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಒಬ್ಬ ದೊಡ್ಡ ವ್ಯಾಪಾರಿ ಒಂದೇ ಬಗೆಯ ಚೀಸು ಸಾವಿರ ಕಿಲೋ ತರಿಸುತ್ತಾನೆ. ಶುಲ್ಕ 29 ಪೌಂಡ್. ಕಿಲೋಗೆ ಮೂರು ಪೆನ್ಸ್‌ಗೂ ಕಡಿಮೆ. ನಮ್ಮಂಥವರು ಗಟ್ಟಿ ಚೀಸು, ಮೆದು ಚೀಸು, ಬೆಣ್ಣೆ, ಹ್ಯಾಮ್, ಸಲಾಮಿ ಅಂತ ಐದು ಬಗೆ, ಒಂದೊಂದೂ 20 ಕಿಲೋ ತರಿಸುತ್ತೇವೆ. ಒಟ್ಟು ನೂರು ಕಿಲೋ. ಶುಲ್ಕ 145 ಪೌಂಡ್. ಕಿಲೋಗೆ ಒಂದು ಪೌಂಡ್ 45 ಪೆನ್ಸ್! ಇದಿನ್ನೂ ಗಡಿಯ ಶುಲ್ಕವೊಂದೇ. ಪಶುವೈದ್ಯರ ಸಹಿ, ಏಜೆಂಟರ ಬಿಲ್ಲು, ಕಾಯುವ ಲಾರಿಯ ಬಾಡಿಗೆ ಇದರ ಮೇಲೆ.

ಗಿರಾಕಿಗಳಿಗೆ ನಾನು ಈಗ ಕೊಡುವ ಉತ್ತರ ಇದೇ ಲೆಕ್ಕ. ಸುಂಕವಾದರೆ ಬೆಲೆಯ ಮೇಲೋ ತೂಕದ ಮೇಲೋ ಬೀಳುತ್ತದೆ, ದೊಡ್ಡವರಿಗೂ ಸಣ್ಣವರಿಗೂ ಒಂದೇ ಪ್ರಮಾಣ. ಕಾಗದಪತ್ರದ ಖರ್ಚು ಹಾಗಲ್ಲ. ಅದು ಲೋಡಿಗೆ ಇಷ್ಟು ಅಂತ ಬೀಳುತ್ತದೆ. ಸರಕು ಕಡಿಮೆ ಇದ್ದಷ್ಟೂ ಮೂಗಿಗಿಂತ ಮೂಗುತಿ ಭಾರ.

ಆ ವರ್ಷದ ಒಂದು ಲೋಡು ನನಗೆ ಮರೆಯೋದಿಲ್ಲ. ನಮ್ಮ ಸರಕು ಬರುವುದು ಗ್ರೂಪೇಜ್ ಲಾರಿಯಲ್ಲಿ. ಅಂದರೆ ಒಂದೇ ಲಾರಿಯಲ್ಲಿ ಹತ್ತಾರು ವ್ಯಾಪಾರಿಗಳ ಸರಕು. ನಮ್ಮ ಪತ್ರಗಳೆಲ್ಲ ಸರಿಯಿದ್ದವು. ಅದೇ ಲಾರಿಯಲ್ಲಿದ್ದ ಬೇರೊಬ್ಬರ ಪ್ರಮಾಣಪತ್ರದಲ್ಲಿ ತೂಕ ತಪ್ಪಾಗಿತ್ತು. ಇಡೀ ಲಾರಿ ತಪಾಸಣೆ ಕೇಂದ್ರದಲ್ಲಿ ಎರಡು ದಿನ ನಿಂತಿತು. ಅದರಲ್ಲಿ ನಮ್ಮ ಹಸಿ ಹಾಲಿನ ಮೆದು ಚೀಸು ಇತ್ತು. ಹಾಳಾಗುತ್ತದೆ, ದಯವಿಟ್ಟು ನಮ್ಮದನ್ನಾದರೂ ಇಳಿಸಿ ಕೊಡಿ ಅಂತ ಫೋನಿನಲ್ಲಿ ಎಷ್ಟು ಕೇಳಿಕೊಂಡರೂ ಉಪಯೋಗವಾಗಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಮೂರನೇ ದಿನ ಪೆಟ್ಟಿಗೆ ಬಂತು. ಮುಚ್ಚಳ ತೆಗೆದರೆ ಚೀಸಿನ ಸಿಪ್ಪೆ ಬೆವತು, ಕಾಗದಕ್ಕೆ ಅಂಟಿಕೊಂಡಿತ್ತು. ಮುಚ್ಚಳದ ಮೇಲಿನ ತಾರೀಖಿಗೆ ಒಂಬತ್ತೇ ದಿನ ಬಾಕಿ. ಕೆಫೆಯವರು ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ತಗೊಳ್ಳುವುದಿಲ್ಲ. ಒಂದಷ್ಟನ್ನು ಕೌಂಟರಿನಲ್ಲಿ ಅರ್ಧ ಬೆಲೆಗೆ ಕೊಟ್ಟೆವು. ಉಳಿದಿದ್ದನ್ನು ಎಸೆಯಬೇಕಾಯಿತು. ಒಳ್ಳೇ ಹಾಲಿನಿಂದ ಮಾಡಿದ ಆಹಾರ, ಯಾರ ಹೊಟ್ಟೆಗೂ ಹೋಗದೆ ಹಾಳಾಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಾದ ಮೇಲೆ ಖರೀದಿಯ ಕ್ರಮವನ್ನೇ ಬದಲಾಯಿಸಿದೆ. ಮೊದಲು ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತರಿಸುತ್ತಿದ್ದೆವು. ಈಗ ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ. ಪತ್ರದ ಖರ್ಚು ಹಂಚಿಹೋಗುತ್ತದೆ. ಆದರೆ ದೊಡ್ಡ ಕೋಲ್ಡ್ ರೂಮ್ ಹಾಕಿಸಬೇಕಾಯಿತು, ಹಣ ಸರಕಿನಲ್ಲೇ ಕೂತಿರುತ್ತದೆ. ಗಡಿಯಲ್ಲಿ ಎರಡು ದಿನ ನಿಂತರೂ ತಡೆಯುವ ಗಟ್ಟಿ ಚೀಸು ಉಳಿಸಿಕೊಂಡೆ. ಬೇಗ ಕೆಡುವ ಮೆದು ಚೀಸುಗಳಲ್ಲಿ ಮುಕ್ಕಾಲು ಪಾಲು ಬಿಟ್ಟೆ. ಅವುಗಳ ಜಾಗಕ್ಕೆ ಇಲ್ಲೇ ಇಂಗ್ಲೆಂಡಿನಲ್ಲಿ ಮಾಡಿದ್ದನ್ನು ತಂದೆ. ಅದು ಅಗ್ಗವೇನಲ್ಲ. ಹೊರಗಿನಿಂದ ಪೈಪೋಟಿ ಕಡಿಮೆಯಾದರೆ ಒಳಗಿನ ಬೆಲೆಯೂ ಏರುತ್ತದೆ. ಬಿಲ್ಲಿನಲ್ಲಿ 'ಗಡಿ ಖರ್ಚು' ಅಂತ ಬೇರೆ ಸಾಲು ಹಾಕಿಯೂ ನೋಡಿದೆ. ನಾವೇ ಏನೋ ಕೀಳುತ್ತಿದ್ದೇವೆ ಅಂತ ಗಿರಾಕಿಗಳಿಗೆ ಅನಿಸಿತು. ಎರಡೇ ತಿಂಗಳಿಗೆ ತೆಗೆದು ಕಿಲೋ ಬೆಲೆಯೊಳಗೇ ಸೇರಿಸಿದೆ.

ಬೆಲೆ ಏರಿದ್ದು ಜನರಿಗೆ ಹೇಗೆ ತಟ್ಟಿತು ಅನ್ನೋದು ಕೌಂಟರಿನಲ್ಲಿ ಕಾಣುತ್ತದೆ. ಗಾಲಿಯಂತೆ ದುಂಡಗಿರುವ ಚೀಸಿನ ಗಟ್ಟಿಯ ಮೇಲೆ ಚಾಕು ಇಟ್ಟು "ಇಷ್ಟು ಸಾಕಾ?" ಅಂತ ಕೇಳುತ್ತೇವೆ. ಮೊದಲೆಲ್ಲ "ಇನ್ನೂ ಸ್ವಲ್ಪ ಆಚೆ" ಅನ್ನುತ್ತಿದ್ದ ಹಳೇ ಗಿರಾಕಿಗಳು ಈಗ ಚಾಕುವನ್ನು ಈಚೆಗೆ ತರಿಸುತ್ತಾರೆ. ಕಾಲು ಕಿಲೋ ಒಯ್ಯುತ್ತಿದ್ದವರು ನೂರೈವತ್ತು ಗ್ರಾಂ ಒಯ್ಯುತ್ತಾರೆ.

ಇದಷ್ಟಕ್ಕೂ ಒಕ್ಕೂಟ ಬಿಟ್ಟಿದ್ದೇ ಕಾರಣವಾ? ಇಲ್ಲ. 2023ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಆಹಾರ ಬೆಲೆಯೇರಿಕೆ ಶೇ. 19 ದಾಟಿದಾಗ ಯುಕ್ರೇನ್ ಯುದ್ಧ, ಗ್ಯಾಸು ಮತ್ತು ಕರೆಂಟಿನ ಬೆಲೆ ಎಲ್ಲ ಸೇರಿದ್ದವು. ಅದೇ ವರ್ಷದ ಫೆಬ್ರವರಿಯಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ ಒಬ್ಬರಿಗೆ ಇಷ್ಟೇ ಟೊಮ್ಯಾಟೊ ಅಂತ ಮಿತಿ ಹಾಕಿದ್ದು ಸ್ಪೇನ್, ಮೊರಾಕೊದ ಚಳಿ ಮತ್ತು ಗಾಜಿನಮನೆಗಳ ಇಂಧನ ಖರ್ಚಿನಿಂದ. ಆಗ ಒಕ್ಕೂಟದಿಂದ ಬರುವ ಟೊಮ್ಯಾಟೊಗೆ ಬ್ರಿಟನ್ ಗಡಿಯಲ್ಲಿ ಹೊಸ ತಪಾಸಣೆ ಇನ್ನೂ ಶುರುವಾಗಿರಲಿಲ್ಲ. ಆಲಿವ್ ಎಣ್ಣೆ ವಿಪರೀತ ಏರಿದ್ದು ಸ್ಪೇನಿನ ಬರದಿಂದ. ನನ್ನ ಹಾಳೆಯಲ್ಲಿ ಎಣ್ಣೆಯ ಗಡಿ ಖರ್ಚು ತೀರಾ ಚಿಕ್ಕದು.

ಆದರೆ ಚೀಸು, ಮಾಂಸದ ಕತೆ ಬೇರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅರ್ಥಶಾಸ್ತ್ರಜ್ಞರು 2023ರ ಮೇನಲ್ಲಿ ಕೊಟ್ಟ ಲೆಕ್ಕ ನನ್ನ ಹಾಳೆಗೆ ಹೊಂದುತ್ತದೆ. 2019ರ ಡಿಸೆಂಬರ್‌ನಿಂದ 2023ರ ಮಾರ್ಚ್‌ವರೆಗೆ ಆಹಾರದ ಬೆಲೆ ಸುಮಾರು ಶೇ. 25 ಏರಿತ್ತು. ಬ್ರೆಕ್ಸಿಟ್ ಆಗದಿದ್ದರೆ ಅದು ಶೇ. 17ರಷ್ಟಿರುತ್ತಿತ್ತು ಅಂತ ಅವರ ಅಂದಾಜು. ಒಂದು ಮನೆಗೆ ಸರಾಸರಿ 250 ಪೌಂಡ್ ಹೆಚ್ಚುವರಿ. ಕಾಗದಪತ್ರ ಜಾಸ್ತಿ ಬೇಕಾದ ಸಾಮಾನುಗಳೇ ಜಾಸ್ತಿ ತುಟ್ಟಿಯಾಗಿದ್ದವು. ಈ ಲೆಕ್ಕ ಬಂದಾಗ 2024ರ ತಪಾಸಣೆ ಇನ್ನೂ ಶುರುವೇ ಆಗಿರಲಿಲ್ಲ ಅನ್ನೋದನ್ನು ನೆನಪಿಡಬೇಕು. ಬಡವರ ಮನೆಯಲ್ಲಿ ಸಂಬಳದ ದೊಡ್ಡ ಪಾಲು ಊಟಕ್ಕೇ ಹೋಗುತ್ತದೆ. 250 ಪೌಂಡು ಅವರಿಗೆ ಸಣ್ಣ ಮೊತ್ತವಲ್ಲ.

2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಸೇರಿ, ಆಹಾರ ಮತ್ತು ಸಸ್ಯಗಳ ತಪಾಸಣೆ ಬಗ್ಗೆ ಹೊಸ ಒಪ್ಪಂದ ಮಾಡಿಕೊಳ್ಳುವ ದಾರಿಯಲ್ಲಿ ಮುಂದುವರಿಯಲು ಒಪ್ಪಿದರು. ಆ ವಾರವೇ, ಪಶುವೈದ್ಯರ ಖರ್ಚು ತಾಳದೆ ನಮಗೆ ಕಳಿಸೋದು ನಿಲ್ಲಿಸಿದ್ದ ಫ್ರಾನ್ಸಿನ ಆ ಚೀಸ್ ಕುಟುಂಬದವರು ಫೋನ್ ಮಾಡಿದರು. ಮತ್ತೆ ಶುರು ಮಾಡೋಣವಾ ಅಂತ ಕೇಳಿದರು. ನನಗೂ ಆಸೆಯೇ. ಹಾಳೆ ತೆಗೆದು ನೋಡಿದೆ. ಒಪ್ಪಂದ ಜಾರಿಯಾದರೆ ಪಶುವೈದ್ಯರ ಸಹಿಯ ಖರ್ಚು ಹೋಗಬಹುದು, ತಪಾಸಣೆಯದ್ದೂ ಹೋಗಬಹುದು. ಐರೋಪ್ಯ ದೇಶಗಳ ನಡುವೆ ಕಸ್ಟಮ್ಸ್ ಘೋಷಣೆಯೇ ಬೇಡದ ಕಸ್ಟಮ್ಸ್ ಒಕ್ಕೂಟದಿಂದ ಬ್ರಿಟನ್ ಹೊರಗೇ ಇರುವವರೆಗೆ ಕಸ್ಟಮ್ಸ್ ಘೋಷಣೆ ಉಳಿಯುತ್ತದೆ, ಏಜೆಂಟರ ಬಿಲ್ಲೂ ಉಳಿಯುತ್ತದೆ. ಅಷ್ಟನ್ನೇ ಲೆಕ್ಕ ಹಾಕಿದಾಗ, ತಿಂಗಳಿಗೊಂದು ಸಲ ಅರವತ್ತು ಕಿಲೋ ಕಳಿಸಿದರೆ ಕಿಲೋ ಬೆಲೆ ನಮ್ಮ ಗಿರಾಕಿಗಳ ಕೈಗೆಟುಕುತ್ತದೆ. ಅರವತ್ತು ಕಿಲೋ ಆಗುತ್ತದಾ ಅಂತ ಕೇಳಿದೆ. ಕೊಟ್ಟಿಗೆಯಲ್ಲಿ ಹಸುಗಳು ಎಷ್ಟಿವೆ ನೋಡಿ, ಲೆಕ್ಕ ಮಾಡಿ ಹೇಳುತ್ತೇವೆ ಅಂದರು.