ಸಂಬಳದಲ್ಲಿ ಮುರಿದುಕೊಂಡ ಹಣದ ಬಗ್ಗೆ ಕನ್ನಡದಲ್ಲಿ ಬರೆಯುವುದು

ಸಂಬಳ ಪಟ್ಟಿ ತಯಾರಿಸುವುದು ನನ್ನ ಕೆಲಸ. ಯಾರ ಸಂಬಳದಲ್ಲಿ ಎಷ್ಟು ಹಣ ಯಾಕೆ ಹೋಯಿತು ಅಂತ ಕನ್ನಡದಲ್ಲಿ ಎರಡು ಸಾಲಿನ ತಿಳಿವಳಿಕೆ ಪತ್ರ ಬರೆಯುವುದೂ ನನ್ನ ಪಾಲಿಗೇ ಬಂದಿದೆ. ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ, ಬೆವರಿಳಿಯುವುದು ಆ ಎರಡು ಸಾಲಿಗೆ. ಒಂದು ವಿಭಕ್ತಿ ಪ್ರತ್ಯಯ ಅತ್ತಿತ್ತ ಆದರೂ ಮರುದಿನ ನನ್ನ ಮೇಜಿನ ಮುಂದೆ ಜನ ನಿಂತಿರುತ್ತಾರೆ.

ನನಗೆ ಬಳುವಳಿಯಾಗಿ ಬಂದ ನಮೂನೆಯಲ್ಲಿ ಹೀಗಿತ್ತು: ‘ತಮ್ಮ ಸಂಬಳವನ್ನು ಈ ತಿಂಗಳು ಕಡಿತಗೊಳಿಸಲಾಗಿದೆ.’ ಇದನ್ನು ಓದಿದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು, ‘ಸಂಬಳಾನೇ ಕಮ್ಮಿ ಮಾಡಿಬಿಟ್ರಾ ಸಾರ್?’ ಅವರು ಓದಿದ್ದು ಸರಿಯಾಗಿಯೇ ಇತ್ತು. ಸಂಬಳ ಕಡಿತ ಅಂದರೆ ಸಂಬಳದ ಮೊತ್ತವೇ ಇಳಿಯಿತು ಎಂದರ್ಥ. ಆಗಿದ್ದಾದರೂ ಏನು? ತೆಗೆದುಕೊಂಡ ಮುಂಗಡದ ಒಂದು ಕಂತನ್ನು ಹಿಡಿದಿದ್ದರು, ಅಷ್ಟೆ. ‘ಅನ್ನು’ ಹತ್ತಬೇಕಾದದ್ದು ತೆಗೆದ ಹಣಕ್ಕೆ, ಎಲ್ಲಿಂದ ತೆಗೆದರೋ ಅದಕ್ಕಲ್ಲ. ‘ತಮ್ಮ ಸಂಬಳದಿಂದ 1,500 ರೂಪಾಯಿಯನ್ನು ಕಡಿತಗೊಳಿಸಲಾಗಿದೆ’ ಎಂದು ತಿದ್ದಿದ ಮೇಲೆ ಆ ಪ್ರಶ್ನೆ ನಿಂತಿತು. ನಿಂತು, ಮುಂದಿನ ಪ್ರಶ್ನೆ ಹುಟ್ಟಿತು: ‘ಯಾತಕ್ಕೆ?’

ಹಾಗಾಗಿ ‘ಗೆ’, ‘ಕ್ಕೆ’ಗಳನ್ನು ಬಿಡುವ ಹಾಗಿಲ್ಲ. ‘ಮುಂಗಡದ ಮೂರನೇ ಕಂತಿಗೆ ತಮ್ಮ ಸಂಬಳದಿಂದ 1,500 ರೂಪಾಯಿ ಕಡಿತಗೊಳಿಸಲಾಗಿದೆ.’ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎರಡೂ ಗೊತ್ತಾಗುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ನೋಡುವ ಕಡೆಯೇ ಬದಲಾಗುತ್ತದೆ ನೋಡಿ. ‘ಸಾಲದಿಂದ 1,500 ಕಳೆಯಲಾಗಿದೆ’ ಅಂದರೆ ಸಾಲಗಾರನಿಗೆ ಸಿಹಿ ಸುದ್ದಿ, ಅವನ ಬಾಕಿ ಅಷ್ಟು ಇಳಿಯಿತು. ‘ಸಾಲಕ್ಕೆ 1,500 ಮುರಿದುಕೊಳ್ಳಲಾಗಿದೆ’ ಅಂದರೆ ಅದೇ ವ್ಯವಹಾರವೇ, ಆದರೆ ಈಗ ಜೇಬಿನ ಕಡೆಯಿಂದ ನೋಡಿದ್ದು. ಎರಡೂ ಸರಿ. ಪತ್ರದಲ್ಲಿ ಸಂಬಳದ ಮಾತು ಬಂದಾಗ ನಾನು ಎರಡನೆಯದನ್ನೇ ಬರೆಯುತ್ತೇನೆ.

‘ಸಂಬಳದಲ್ಲಿ’ ಅನ್ನಬೇಕೋ ‘ಸಂಬಳದಿಂದ’ ಅನ್ನಬೇಕೋ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಬಾಯಿಮಾತಿನಲ್ಲಿ ನಾವು ‘ಹತ್ತರಲ್ಲಿ ಮೂರು ಹೋದರೆ ಏಳು’ ಎನ್ನುವವರು, ಲೆಕ್ಕದ ಪುಸ್ತಕ ‘10ರಿಂದ 3ನ್ನು ಕಳೆಯಿರಿ’ ಎನ್ನುತ್ತದೆ. ನಾನಂತೂ ಕ್ರಿಯಾಪದ ನೋಡಿ ತೀರ್ಮಾನಿಸುತ್ತೇನೆ. ಹಿಡಿ, ಮುರಿ ಎಂಬ ಮನೆಮಾತುಗಳಿಗೆ ‘ಅಲ್ಲಿ’ ಒಪ್ಪುತ್ತದೆ: ಸಂಬಳದಲ್ಲಿ ಮುರಿದುಕೊಂಡರು. ಕಡಿತಗೊಳಿಸು ಎಂಬ ಕಚೇರಿ ಮಾತಿಗೆ ‘ಇಂದ’. ಒಂದು ಕಡೆ ಮಾತ್ರ ‘ಅಲ್ಲಿ’ ಬಿಟ್ಟರೆ ಅರ್ಥವೇ ಕೆಡುತ್ತದೆ, ಅದು ‘ಮೂಲದಲ್ಲೇ ತೆರಿಗೆ ಕಡಿತ’. ನಾವೆಲ್ಲ ಟಿಡಿಎಸ್ ಎನ್ನುವುದು ಇದಕ್ಕೇ. ಸಂಬಳ ಕೊಡುವವರು ಕೊಡುವ ಮೊದಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಇಲ್ಲಿ ಮೂಲ ಎಂದರೆ ಕಡಿತ ನಡೆಯುವ ಜಾಗ. ‘ಮೂಲದಿಂದ ತೆರಿಗೆ ಕಡಿತ’ ಎಂದು ಬರೆದ ಕಾಗದಗಳನ್ನು ನೋಡಿದ್ದೇನೆ. ಓದಿದರೆ ತೆರಿಗೆಯನ್ನೇ ಕಡಿಮೆ ಮಾಡಿದ ಹಾಗೆ ಕೇಳಿಸುತ್ತದೆ!

ಇನ್ನು ‘ಕಳೆ’. ಅಂಕಗಣಿತದಲ್ಲಿ ಇದರಷ್ಟು ಚೊಕ್ಕ ಪದ ಇಲ್ಲ, ಪತ್ರದಲ್ಲಿ ಇದರಷ್ಟು ತಂಟೆಯದೂ ಇಲ್ಲ. ‘ಕಳೆದ ತಿಂಗಳ ಮುಂಗಡ ಕಳೆದು’ ಎಂದು ಬರೆದರೆ ಒಂದೇ ಪದ ಎರಡು ಕಡೆ ಎರಡು ಕೆಲಸ ಮಾಡುತ್ತಿರುತ್ತದೆ, ಓದುವವರು ಮೊದಲಿಂದ ಓದಬೇಕಾಗುತ್ತದೆ. ಅಲ್ಲಿ ನಾನು ‘ಹಿಂದಿನ ತಿಂಗಳ’ ಎಂದು ಹಾಕುತ್ತೇನೆ. ಅದಕ್ಕಿಂತ ಅಪಾಯದ್ದು ‘ಕೊಳ್ಳು’ ಸೇರಿಸುವುದು. ‘ಸಂಸ್ಥೆ 500 ರೂಪಾಯಿ ಮುರಿದುಕೊಂಡಿದೆ’ ಸರಿ. ಅದೇ ಧಾಟಿಯಲ್ಲಿ ‘ಸಂಸ್ಥೆ 500 ರೂಪಾಯಿ ಕಳೆದುಕೊಂಡಿದೆ’ ಎಂದರೆ ಸಂಸ್ಥೆಯ ದುಡ್ಡೇ ಎಲ್ಲೋ ಬಿದ್ದುಹೋಯಿತು ಎಂದಾಯಿತು. ಹಾಗಾಗಿ ‘ಕಳೆದು’ ಎಂಬುದನ್ನು ಲೆಕ್ಕದ ಸಾಲಿಗೆ ಮಾತ್ರ ಇಟ್ಟುಕೊಂಡಿದ್ದೇನೆ: ‘ಕಡಿತಗಳನ್ನು ಕಳೆದು ನಿವ್ವಳ ಸಂಬಳ ಇಷ್ಟು.’

ಹಿಡಿ ಮತ್ತು ಮುರಿ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಮೇಜಿನಲ್ಲಿ ಅವೆರಡೂ ಬೇರೆ. ಮುರಿದುಕೊಂಡದ್ದು ಬಾಕಿಗೆ ಹೊಂದಿಕೆಯಾಗಿ ಮುಗಿಯಿತು, ತಿರುಗಿ ಬರುವುದಿಲ್ಲ. ಹಿಡಿದಿಟ್ಟದ್ದು ಬರಬಹುದು. ಒಂದು ದಾಖಲೆ ಕೊಟ್ಟಿಲ್ಲ ಎಂದು ಭತ್ಯೆ ನಿಲ್ಲಿಸಿದ್ದರೆ ‘ತಡೆಹಿಡಿಯಲಾಗಿದೆ, ದಾಖಲೆ ಕೊಟ್ಟ ಮೇಲೆ ಪಾವತಿಸಲಾಗುವುದು’ ಎಂದು ಬರೆಯಬೇಕು. ಇದಕ್ಕೂ ‘ಕಡಿತ’ ಎಂದೇ ಬರೆದು ಜಗಳ ತಂದುಕೊಂಡವರು ಉಂಟು. ‘ವಜಾ’ ಅಂತ ಇನ್ನೊಂದಿದೆ, ಹಳೆಯ ಗುಮಾಸ್ತರ ಮೆಚ್ಚಿನ ಪದ: ಖರ್ಚು ವಜಾ ಮಾಡಿ ಉಳಿದದ್ದು ಇಷ್ಟು. ಒಳ್ಳೆಯ ಪದವೇ. ಆದರೆ ನೌಕರರಿಗೆ ಹೋಗುವ ಪತ್ರದಲ್ಲಿ ‘ವಜಾ’ ಎಂಬ ಮಾತು ಕಂಡರೆ ಎದೆ ಧಸಕ್ಕೆನ್ನುತ್ತದೆ, ಹಾಗಾಗಿ ಅದನ್ನು ಲೆಕ್ಕದ ಪುಸ್ತಕದ ಒಳಗೇ ಬಿಟ್ಟಿದ್ದೇನೆ.

ಶೇಕಡಾ ಬಂದಾಗ ಗೋಜಲು ಇನ್ನೂ ಹೆಚ್ಚು. ‘ಭವಿಷ್ಯ ನಿಧಿಗೆ ಸಂಬಳದ ಶೇ 12 ಕಡಿತ’ ಎಂದು ಬರೆದರೆ ಒಟ್ಟು ಸಂಬಳಕ್ಕೆ ಗುಣಿಸಿ ನೋಡಿ ‘ತಾಳೆಯಾಗ್ತಿಲ್ಲ’ ಎನ್ನುತ್ತಾರೆ. ಲೆಕ್ಕ ಹಾಕುವುದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ, ತೆಗೆಯುವುದು ಒಟ್ಟು ಸಂಬಳದಿಂದ. ವಾಕ್ಯದಲ್ಲೂ ಎರಡೂ ಬೇರೆ ಬೇರೆ ಕಾಣಬೇಕು: ‘ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ಮೊತ್ತವನ್ನು ಭವಿಷ್ಯ ನಿಧಿಗೆ ಸಂಬಳದಿಂದ ಕಡಿತಗೊಳಿಸಲಾಗಿದೆ.’ ಉದ್ದವಾಯಿತು, ಆಗಲಿ.

‘ಲಾಗಿದೆ’ ಎಂಬ ಕರ್ಮಣಿಯ ಬಗ್ಗೆ ನನಗೆ ತಕರಾರಿದೆ. ಕಾನೂನಿನ ಪ್ರಕಾರ ಹೋಗುವ ಹಣಕ್ಕೆ, ವೃತ್ತಿ ತೆರಿಗೆಯಂಥದ್ದಕ್ಕೆ, ಅದು ಸರಿ. ರಜೆ ಮಂಜೂರಾಗದೆ ಗೈರಾದ ದಿನಗಳ ಹಣವನ್ನು ನಾವೇ ಹಿಡಿದಾಗ ‘ಕಡಿತಗೊಳಿಸಲಾಗಿದೆ’ ಎಂದರೆ ಹಣ ತಾನಾಗಿಯೇ ಎದ್ದು ನಡೆದ ಹಾಗಿರುತ್ತದೆ. ಅಲ್ಲಿ ‘ಗೈರುಹಾಜರಿಯ ಎರಡು ದಿನಗಳ ಸಂಬಳವನ್ನು ಕಡಿತಗೊಳಿಸಿದ್ದೇವೆ’ ಎಂದೇ ಬರೆಯುತ್ತೇನೆ. ಗಮನಿಸಿ, ಇಲ್ಲಿ ‘ಸಂಬಳವನ್ನು’ ಸರಿಯೇ, ಏಕೆಂದರೆ ಆ ಎರಡು ದಿನಗಳ ಸಂಬಳ ಪೂರ್ತಿ ಹೋಗಿದೆ. ಮೇಲಧಿಕಾರಿಗಳಿಗೆ ‘ದ್ದೇವೆ’ ಅಷ್ಟು ಹಿಡಿಸುವುದಿಲ್ಲ. ಆದರೆ ಯಾರನ್ನು ಕೇಳಬೇಕು ಅಂತ ನೌಕರರಿಗೆ ಗೊತ್ತಾಗುತ್ತದೆ.

ಪತ್ರದ ಕೊನೆಯ ಸಾಲಿಗೆ ಮಾತ್ರ ಯಾವ ಕಚೇರಿ ಪದವೂ ಬೇಡ ಎಂದು ಹಟ ಹಿಡಿದಿದ್ದೇನೆ. ಮೊದಲು ‘ನಿವ್ವಳ ಪಾವತಿಸಬೇಕಾದ ಮೊತ್ತ’ ಎಂದಿತ್ತು. ಈಗ ‘ಎಲ್ಲಾ ಹೋಗಿ ತಮ್ಮ ಕೈಗೆ ಬರುವುದು’ ಎಂದು ಬರೆದು ಮುಂದೆ ಅಂಕಿ ಹಾಕುತ್ತೇನೆ. ಲೆಕ್ಕ ತಪಾಸಣೆಗೆ ಬಂದವರು ಒಮ್ಮೆ ಅದನ್ನು ಓದಿ ನಕ್ಕರು, ಆಕ್ಷೇಪಣೆ ಏನೂ ಬರೆಯಲಿಲ್ಲ.